ಶನಿವಾರದ ಕ್ಲಾಸು

ಟೈಮ್‌ಟೇಬಲ್‌ನಲ್ಲಿ ಅದಕ್ಕೆ ‘ವೆಲ್‌ಬೀಯಿಂಗ್’ ಅಂತ ಹೆಸರಿತ್ತು. ನಾವೆಲ್ಲ ಶನಿವಾರದ ಕ್ಲಾಸು ಅಂತಲೇ ಕರೆಯುತ್ತಿದ್ದೆವು. ಮೊದಲ ವರ್ಷದವರಿಗೆ ಡ್ರಾಯಿಂಗ್, ಬಣ್ಣ, ಟೈಪೋಗ್ರಫಿ, ಮಾಡೆಲ್ ಮಾಡುವುದು ಇದ್ದ ಹಾಗೆ ಮನಸ್ಸಿನ ಬಗ್ಗೆಯೂ ಒಂದು ಪಾಠ. 2014ರಲ್ಲಿ ಗುಳೇದಗುಡ್ಡದಿಂದ ಬೆಂಗಳೂರಿಗೆ ಡಿಸೈನ್ ಓದಲು ಬಂದ ನನಗೆ ಕಾಲೇಜಿನಲ್ಲಿ ಇಂಥದ್ದನ್ನೂ ಕಲಿಸುತ್ತಾರೆ ಅನ್ನೋದು ಗೊತ್ತೇ ಇರಲಿಲ್ಲ. ಇವತ್ತು ನಾನು ಡಿಸೈನ್ ಕೆಲಸದಲ್ಲಿ ಉಳಿದಿದ್ದರೆ ಅದಕ್ಕೆ ಆ ಕ್ಲಾಸು ದೊಡ್ಡ ಕಾರಣ.

ಕಾಲೇಜಿನ ಈ ಪತ್ರಿಕೆಯನ್ನು ಅಪ್ಪ ಅಮ್ಮಂದಿರೂ ಓದುತ್ತಾರೆ. ಆ ಕ್ಲಾಸು ಯಾಕೆ ಬೇಕಿತ್ತು ಅಂತ ಗೊತ್ತಾಗಲು, ಅವರಿಗಾಗಿ ಮೊದಲು ಜೂರಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಬೇರೆ ಕೋರ್ಸ್‌ಗಳಲ್ಲಿ ಉತ್ತರಪತ್ರಿಕೆಯನ್ನು ಯಾರೋ ಎಲ್ಲೋ ಕೂತು ತಿದ್ದುತ್ತಾರೆ. ನಮ್ಮಲ್ಲಿ ವಾರಗಟ್ಟಲೆ ಮಾಡಿದ್ದನ್ನು ಗೋಡೆಗೆ ಹಚ್ಚಿ ಅದರ ಪಕ್ಕದಲ್ಲೇ ನಿಲ್ಲಬೇಕು. ಎದುರಿಗೆ ಮೇಷ್ಟ್ರುಗಳು, ಹೊರಗಿನಿಂದ ಬಂದ ಡಿಸೈನರ್‌ಗಳು. ಅವರ ಹಿಂದೆ ಇಡೀ ಕ್ಲಾಸು. ಲೆಕ್ಕ ತಪ್ಪಾದರೆ ಲೆಕ್ಕ ತಪ್ಪು, ಅಷ್ಟೇ. ಆದರೆ ಪೋಸ್ಟರ್ ಸಪ್ಪೆ ಅಂತ ಯಾರಾದರೂ ಅಂದರೆ ನಾನೇ ಸಪ್ಪೆ ಅನ್ನಿಸಿಬಿಡುತ್ತೆ. ಹದಿನೆಂಟು ವರ್ಷದ ಹುಡುಗ ಹುಡುಗಿಯರು ಅದನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಕೊರಗುತ್ತಾರೆ. ಕೆಲವರು ಕೋರ್ಸನ್ನೇ ಬಿಟ್ಟು ಹೋಗುತ್ತಾರೆ.

ಶನಿವಾರದ ಕ್ಲಾಸು ತೆಗೆದುಕೊಳ್ಳುತ್ತಿದ್ದ ಮೇಡಂ ಮನಶ್ಶಾಸ್ತ್ರ ಓದಿದವರಲ್ಲ, ಪ್ರಾಡಕ್ಟ್ ಡಿಸೈನ್ ಕಲಿಸುವವರು. ಅದನ್ನು ಮೊದಲ ದಿನವೇ ಹೇಳಿದ್ದರು. ‘ಚಿಕಿತ್ಸೆ ಬೇಕಾದಾಗ ಅದನ್ನು ಕೊಡೋರ ಹತ್ರ ಕಳಿಸ್ತೀನಿ. ಇಲ್ಲಿ ನಾವು ಕೆಲಸ ಮಾಡೋ ರೀತಿ ನೋಡೋಣ.’ ಹಾಗಾಗಿ ಅವರ ಪಾಠವೆಲ್ಲ ಸ್ಟುಡಿಯೋದ ದಿನನಿತ್ಯದ ಕೆಲಸಕ್ಕೇ ಅಂಟಿಕೊಂಡಿತ್ತು.

ಜೂರಿಯಲ್ಲಿ ನಿಂತವರಿಗೆ ಅರ್ಧ ಮಾತು ಕೇಳಿಸುವುದೇ ಇಲ್ಲ. ಎದೆ ಹೊಡೆದುಕೊಳ್ಳುತ್ತಿರುತ್ತೆ. ಅದಕ್ಕೆ ಪ್ರತಿಯೊಬ್ಬರಿಗೂ ಒಬ್ಬ ಗೆಳೆಯನೋ ಗೆಳತಿಯೋ ಕೂತು, ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕಿತ್ತು. ಆ ಹಾಳೆಯನ್ನು ಅವತ್ತೇ ತೆಗೆಯುವ ಹಾಗಿಲ್ಲ. ಮಾರನೇ ದಿನ ಇಬ್ಬರೂ ಕೂತು ಬಂದ ಮಾತುಗಳನ್ನು ಬೇರೆ ಮಾಡಬೇಕು. ಯಾವುದು ಕೆಲಸದ ಬಗ್ಗೆ, ಯಾವುದು ನಾವು ವಿವರಿಸಿದ ರೀತಿಯ ಬಗ್ಗೆ, ಯಾವುದು ಬರೀ ಜೂರಿಯವರ ಇಷ್ಟ. ಊರಿನ ಖಣದ ಬಟ್ಟೆಯ ವಿನ್ಯಾಸ ಇಟ್ಟುಕೊಂಡು ನಾನೊಂದು ಚೀಲ ಮಾಡಿದ್ದೆ. ಅದಕ್ಕೆ ಬಂದ ಮಾತುಗಳಲ್ಲಿ ಜಾಸ್ತಿ ಪಾಲು ಮೂರನೆಯ ಗುಂಪಿಗೇ ಬಿತ್ತು. ಮೊದಲ ಗುಂಪಿನಲ್ಲಿ ಉಳಿದದ್ದು ಒಂದೇ: ಹಿಡಿ ಚಿಕ್ಕದಾಯಿತು, ಭುಜ ನೋಯುತ್ತೆ. ಹಿಡಿ ಸರಿಮಾಡಿದೆ.

ಮುಂದಿನ ಟರ್ಮ್‌ನಲ್ಲಿ ಮೇಡಂ ಜೂರಿ ನಡೆಸುವ ಕ್ರಮವನ್ನೇ ಬದಲಾಯಿಸಿದರು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಒಂದು ಪದ್ಧತಿ ಇದೆ. ಅದರಲ್ಲಿ ನಾಲ್ಕು ಹೆಜ್ಜೆ. ಮೊದಲು ನೋಡಿದವರು ತಮ್ಮನ್ನು ತಟ್ಟಿದ್ದು ಏನು ಅಂತ ಹೇಳುತ್ತಾರೆ. ಆಮೇಲೆ ಕೆಲಸ ಮಾಡಿದವರು ತಮ್ಮ ಅನುಮಾನಗಳನ್ನು ಕೇಳುತ್ತಾರೆ. ಮೂರನೆಯದರಲ್ಲಿ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಇರಬಾರದು. ‘ಇಷ್ಟು ಕಡು ಬಣ್ಣ ಯಾಕೆ ಹಾಕಿದೆ?’ ಅನ್ನುವ ಬದಲು ‘ಬಣ್ಣ ಆರಿಸುವಾಗ ಏನು ಯೋಚನೆ ಇತ್ತು?’ ಅಂತ ಕೇಳಬೇಕು. ಕೊನೆಗೆ, ಕೆಲಸ ಮಾಡಿದವರು ಒಪ್ಪಿದರೆ ಮಾತ್ರ ಅಭಿಪ್ರಾಯ. ಇದು ತೀರಾ ಮೆತ್ತಗಾಯಿತು ಅಂತ ಕೆಲವು ಮೇಷ್ಟ್ರುಗಳಿಗೆ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ಎರಡನೆಯ ಹೆಜ್ಜೆ ನಿಜಕ್ಕೂ ಕಷ್ಟದ್ದು. ನಮ್ಮ ಕೆಲಸ ಎಲ್ಲಿ ಸೋಲುತ್ತಿದೆ ಅಂತ ನಾವೇ ಗುರುತಿಸಿ ಬಾಯಿಬಿಟ್ಟು ಕೇಳಬೇಕು. ಮೊದಲ ಸಲ ನಾನು ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದಾಗ ಮೇಡಂ, ‘ಕನ್ನಡದಲ್ಲೇ ಹೇಳು, ಇವರಿಗೆ ನಾನು ತಿಳಿಸ್ತೀನಿ’ ಅಂದರು. ಅವತ್ತಿನಿಂದ ನಮ್ಮ ಬ್ಯಾಚಿನಲ್ಲಿ ತೆಲುಗು, ಹಿಂದಿ, ಮಲಯಾಳಂ ಎಲ್ಲವೂ ಜೂರಿಯೊಳಗೆ ಬಂದವು.

ಇನ್ನೊಂದು ನಿಯಮ, ಒಂದೇ ಒಂದು ಐಡಿಯಾ ಹಿಡಿದುಕೊಂಡು ಬರಬಾರದು. ಕಡಿಮೆ ಅಂದರೂ ಮೂರು. ಇದರ ಹಿಂದೆಯೂ ಒಂದು ಪ್ರಯೋಗ ಇತ್ತು. 2010ರಲ್ಲಿ ಸ್ಟೀವನ್ ಡೌ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅವರು ಜನರಿಂದ ವೆಬ್ ಜಾಹೀರಾತು ಮಾಡಿಸಿದ್ದರು. ಒಂದು ಗುಂಪಿನವರು ಒಂದೊಂದೇ ಮಾಡಿ, ಪ್ರತಿ ಸಲವೂ ಟೀಕೆ ಕೇಳಿ ತಿದ್ದಿಕೊಂಡರು. ಇನ್ನೊಂದು ಗುಂಪಿನವರು ಕೆಲವನ್ನು ಒಟ್ಟಿಗೇ ಮಾಡಿ, ಎಲ್ಲದಕ್ಕೂ ಸೇರಿಸಿ ಟೀಕೆ ಕೇಳಿದರು. ಎರಡನೆಯವರ ಜಾಹೀರಾತುಗಳಿಗೆ ಕ್ಲಿಕ್ ಜಾಸ್ತಿ ಬಿತ್ತು. ಅವರಿಗೆ ತಮ್ಮ ಮೇಲಿನ ನಂಬಿಕೆಯೂ ಹೆಚ್ಚಿತು. ಕಾರಣ ಊಹಿಸಬಹುದು, ಅಲ್ವಾ? ಒಂದೇ ಇದ್ದಾಗ ಅದಕ್ಕೆ ಬಿದ್ದ ಏಟು ನಮಗೇ ಬೀಳುತ್ತೆ. ಮೂರಿದ್ದಾಗ ಯಾವುದು ಚೆನ್ನಾಗಿದೆ ಅನ್ನೋ ಮಾತಾಗುತ್ತೆ.

ನಿದ್ದೆಯ ವಿಷಯಕ್ಕೆ ಮಾತ್ರ ನಾವು ಮೇಡಂ ಜೊತೆ ಜಗಳಕ್ಕೇ ಇಳಿದಿದ್ದೆವು. ಸಬ್‌ಮಿಷನ್ ಹಿಂದಿನ ರಾತ್ರಿ ಎಲ್ಲರೂ ಸ್ಟುಡಿಯೋದಲ್ಲಿ ಎಚ್ಚರ ಇರುವುದು ನಮಗೆ ಹೆಮ್ಮೆ. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದರು. ಡ್ರೂ ಡಾಸನ್, ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿದ್ದು ಇದು: ಸತತ 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಹಿಡಿತ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರಷ್ಟೇ ಇರುತ್ತೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಏಳಕ್ಕೆ ಎದ್ದವರಿಗೆ ರಾತ್ರಿ ಹನ್ನೆರಡಕ್ಕೆ 17 ಗಂಟೆ ಆಗುತ್ತೆ. ಅಷ್ಟೊತ್ತಿಗೆ ನಾವು ಸ್ಟೀಲ್ ಸ್ಕೇಲ್ ಇಟ್ಟು, ಹರಿತವಾದ ಕಟರ್‌ನಿಂದ ಮೌಂಟ್‌ಬೋರ್ಡ್ ಎಂಬ ದಪ್ಪ ರಟ್ಟು ಕೊಯ್ಯಲು ಶುರು ಮಾಡುತ್ತಿದ್ದೆವು. ಬೆರಳು ಕೊಯ್ದುಕೊಂಡವರು ನಮ್ಮಲ್ಲೇ ಇದ್ದರು. ಸ್ಟುಡಿಯೋ ರಾತ್ರಿ ಹತ್ತಕ್ಕೆ ಬಾಗಿಲು ಹಾಕಲಿ ಅಂತ ಆಡಳಿತದವರನ್ನು ಒಪ್ಪಿಸಿದ್ದು ಮೇಡಂ.

ಇದಕ್ಕಿಂತ ದೊಡ್ಡ ಕೆಲಸ ಅಂತ ನಾನು ಎಣಿಸುವುದು ಸ್ಟಾಫ್‌ರೂಮಿನ ಗೋಡೆಯ ಕ್ಯಾಲೆಂಡರ್. ಎಲ್ಲ ವಿಷಯದ ಸಬ್‌ಮಿಷನ್ ದಿನಾಂಕ ಅದರಲ್ಲೇ ಬರೆಯಬೇಕು, ಒಂದೇ ವಾರಕ್ಕೆ ಎರಡಕ್ಕಿಂತ ಜಾಸ್ತಿ ಬೀಳಬಾರದು. ಗಟ್ಟಿ ಮನಸ್ಸು ಬೆಳೆಸಿಕೊಳ್ಳಿ ಅಂತ ಮಕ್ಕಳಿಗೆ ಹೇಳಿ, ಒಂದೇ ವಾರದಲ್ಲಿ ನಾಲ್ಕು ಸಬ್‌ಮಿಷನ್ ಇಟ್ಟರೆ ಅದು ಅನ್ಯಾಯ. ಉಸಿರಾಟದ ಅಭ್ಯಾಸದಿಂದ ಅದು ಸರಿಹೋಗಲ್ಲ. ದುಡ್ಡಿನ ಚಿಂತೆಯೂ ಹಾಗೆಯೇ. ಕಲರ್ ಪ್ರಿಂಟ್‌ಗೆ, ಮೌಂಟ್‌ಬೋರ್ಡ್‌ಗೆ ಆಗುವ ಖರ್ಚು ಮನೆಯಲ್ಲಿ ಹೇಳಲು ಆಗದವರು ನಾವು ಬಹಳ ಜನ ಇದ್ದೆವು. ಉಳಿದ ಬೋರ್ಡು, ಫೋಮ್, ಬಟ್ಟೆ ಇಡಲು ಒಂದು ಕಪಾಟು ಬಂತು. ಬೇಕಾದವರು ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಿತ್ತು. ಇದೂ ಶನಿವಾರದ ಕ್ಲಾಸಿನ ಪಾಠವೇ ಅಂತ ನನ್ನ ನಂಬಿಕೆ.

ಒಂದು ಶನಿವಾರ ಆಪ್ತಸಮಾಲೋಚಕಿ ಒಬ್ಬರು ಬಂದಿದ್ದರು. ಗೆಳೆಯರು ಮಂಕಾದಾಗ, ಊಟ ಬಿಟ್ಟಾಗ, ಕ್ಲಾಸಿಗೆ ಬರದೆ ಹೋದಾಗ ಹೇಗೆ ಮಾತಾಡಿಸಬೇಕು ಅಂತ ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿಸಿದರು. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಬಹುದು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟಲ್ಲ ಅಂತ ಅವತ್ತು ಕಲಿತೆವು. ಆಮೇಲೆ ಹಾಸ್ಟೆಲ್‌ನಲ್ಲಿ ಆ ಪ್ರಶ್ನೆ ಕೇಳಬೇಕಾದ ರಾತ್ರಿ ಬಂತು. ಕೇಳಿದೆ. ಬೆಳಿಗ್ಗೆ ಇಬ್ಬರೂ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಆ ಸ್ನೇಹ ಇವತ್ತಿಗೂ ಇದೆ. ಈಗಿನ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ದಯವಿಟ್ಟು ಸ್ಟುಡಿಯೋ ಬಾಗಿಲಿಗೆ ಅಂಟಿಸಿ.

ಮೇಡಂ ನಿವೃತ್ತರಾಗಿದ್ದಾರೆ. ಹೋದ ವರ್ಷ ನಾನು ಹೊರಗಿನ ಜೂರಿಯಾಗಿ ಕಾಲೇಜಿಗೆ ಬಂದಾಗ, ಶನಿವಾರದ ಕ್ಲಾಸು ಈಗ ಎರಡನೇ ವರ್ಷಕ್ಕೆ ಹೋಗಿದೆ, ಬೇಕಾದವರು ತೆಗೆದುಕೊಳ್ಳಬಹುದು ಅಂತ ತಿಳಿಯಿತು. ಮೊದಲ ಜೂರಿ ಬರುವುದು ಮೊದಲ ವರ್ಷದ ಎರಡನೇ ತಿಂಗಳಿಗೆ. ಅಷ್ಟರೊಳಗೆ ಈ ಪಾಠ ಸಿಗಬೇಕು, ಎಲ್ಲರಿಗೂ ಸಿಗಬೇಕು. ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಜೂನ್‌ಗೆ ಅದನ್ನು ಮತ್ತೆ ಮೊದಲ ವರ್ಷಕ್ಕೆ ತನ್ನಿ. ಪಾಠ ಮಾಡಲು ಶನಿವಾರ ಬೆಳಿಗ್ಗೆ ಜನ ಬೇಕಾದರೆ ನಮ್ಮ ಬ್ಯಾಚಿನವರು ಬರಲು ತಯಾರಿದ್ದೇವೆ.