ಹಿತ್ತಲ ರೈಲು: ಹಳಿ ಕೊಂಡಿದ್ದು, ಬಾಗಿಸಿದ್ದು, ಹಾಕಿದ್ದು

ಫೆಬ್ರುವರಿ, ಮೊದಲ ವಾರ

ಹಳಿ ಬಂತು! ಬೆಂಗಳೂರಿನಿಂದ ಬಸ್ಸಿನಲ್ಲಿ ಎರಡು ಗೋಣಿಚೀಲದಲ್ಲಿ ಕಟ್ಟಿ ತಂದೆ. ಮನೆ ಬದಲಿಸುತ್ತಿದ್ದ ಹಿರಿಯರೊಬ್ಬರು ತಮ್ಮ ತೋಟದ ರೈಲನ್ನು, ಅಂದರೆ ಮನೆಯ ಹೊರಗೆ ಮಣ್ಣಿನ ಮೇಲೆ ಓಡಿಸುವ ಮಾದರಿ ರೈಲನ್ನು, ಬಿಚ್ಚಿ ಮಾರಿದರು. 14 ಬಾಗಿದ ತುಂಡು, 8 ನೇರ ತುಂಡು, ಒಂದಷ್ಟು ಬಿಡಿ ಹಿತ್ತಾಳೆ ಹಳಿ, ಹಳಿ ನೆಗ್ಗಿದ್ದರೂ ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಚೆನ್ನಾಗಿರುವ ಕೆಲವು ತುಂಡು, ಜೊತೆಗೆ ಒಂದು ಗೂಡ್ಸ್ ವ್ಯಾಗನ್. ಇಂಜಿನ್ ಇನ್ನೂ ಇಲ್ಲ. ಮೊದಲು ಹಳಿ, ಆಮೇಲೆ ಇಂಜಿನ್ ಅಂತ ಬೇಕೆಂದೇ ತೀರ್ಮಾನ ಮಾಡಿದ್ದೆ. ಇಂಜಿನ್ ಮೊದಲು ಕೊಂಡರೆ ಅದು ಎಷ್ಟು ದೊಡ್ಡ ತಿರುವು ಕೇಳುತ್ತದೋ ಅಷ್ಟು ಜಾಗ ಹುಡುಕಬೇಕು. ನನ್ನ ಹಿತ್ತಲು ಇರುವುದೇ 14 ಅಡಿಗೆ ಒಂಬತ್ತೂವರೆ ಅಡಿ.

ಎರಡು ಹಳಿಯ ನಡುವೆ 45 ಮಿಲಿಮೀಟರ್ ಅಂತರ ಇರುವ ಲೈನೇ ಯಾಕೆ ಅಂತ ಗೆಳೆಯರು ಕೇಳುತ್ತಾರೆ. ಸಣ್ಣ ಸೈಜಿನವು ಅಗ್ಗ ಅಲ್ವಾ ಅಂತ. ಅಗ್ಗವೇನೋ ಹೌದು. ಆದರೆ ಅವು ಮನೆಯೊಳಗಿನ ಮೇಜಿಗೆ ಸರಿ, ಮಣ್ಣು, ಮಳೆ, ಉದುರಿದ ಎಲೆಗೆ ತಡೆಯುವುದಿಲ್ಲ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ. ಜರ್ಮನಿಯ ಎಲ್‌ಜಿಬಿ ಕಂಪನಿ 1968ರಲ್ಲಿ ಈ ಅಳತೆಯ ತೋಟದ ರೈಲು ತಂದಾಗ ಮೀಟರ್ ಗೇಜನ್ನೇ (ಹಳಿಗಳ ನಡುವೆ ಒಂದು ಮೀಟರ್ ಅಂತರದ ಲೈನ್) ಮನಸ್ಸಿನಲ್ಲಿಟ್ಟುಕೊಂಡು 1:22.5 ಅನುಪಾತ ಹಿಡಿಯಿತು. 45ನ್ನು 22.5ರಿಂದ ಗುಣಿಸಿ ನೋಡಿ, 1012.5 ಮಿಲಿಮೀಟರ್ ಬರುತ್ತದೆ. ಒಂದು ಮೀಟರಿಗೆ ಒಂದು ಬೆರಳಗಲವಷ್ಟೇ ಜಾಸ್ತಿ.

ನಮ್ಮೂರು ದಾವಣಗೆರೆಯ ಲೈನ್ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ತನಕ ಮೀಟರ್ ಗೇಜೇ ಆಗಿತ್ತು. ಅಪ್ಪ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗುತ್ತಿದ್ದುದು ಆ ರೈಲಿನಲ್ಲೇ. ತುಂಗಭದ್ರೆಯ ಸೇತುವೆ ನೋಡಬೇಕು ಅಂತ ನಾನು ಹಟ ಹಿಡಿಯುತ್ತಿದ್ದೆ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸೈಕಲ್ ಕ್ಯಾರಿಯರ್ ಮೇಲೆ ಕೂತು ಡಬ್ಬಿ ಎಣಿಸಿದ್ದೂ ಅದೇ ಗೇಜಿನ ರೈಲುಗಳನ್ನು. ಆ ಹಳಿ ಈಗ ಊರಲ್ಲಿಲ್ಲ. ಹಿತ್ತಲಲ್ಲಾದರೂ ಇರಲಿ ಅನ್ನುವುದು ನನ್ನ ಆಸೆ.

ಹೊಸ ಹಳಿಯನ್ನೇ ತರಿಸಬಹುದಿತ್ತು. ಆದರೆ ಇವು ಲೆಕ್ಕಕ್ಕೆ ಆಟಿಕೆಗಳ ಗುಂಪಿಗೆ ಸೇರುತ್ತವೆ. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಮೇಲೆ ಜಿಎಸ್‌ಟಿ, ಸಾಗಣೆ. ಹಿತ್ತಾಳೆ ಭಾರ ಬೇರೆ. ಹಳೆಯದೇ ಸಾಕು ಅಂತ ಆರು ತಿಂಗಳು ಕಾದೆ.

ಲೋಹದ ವಿಚಾರದಲ್ಲಿ ನಾನು ಹಿತ್ತಾಳೆಗೇ ಅಂಟಿಕೊಂಡೆ. ಅಲ್ಯೂಮಿನಿಯಂ ಹಗುರ, ಅಗ್ಗ. ಆದರೆ ಅದರ ಮೇಲೆ ಕಟ್ಟುವ ಪದರ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಇಂಜಿನ್ನಿನೊಳಗೇ ಬ್ಯಾಟರಿ ಇಟ್ಟು ಓಡಿಸುವವರಿಗೆ ಅದು ಪರವಾಗಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕಪ್ಪಾಗುವುದಿಲ್ಲ, ಆದರೆ ಹಿತ್ತಾಳೆಯಷ್ಟು ಚೆನ್ನಾಗಿ ಕರೆಂಟ್ ಹರಿಯದು. ನನಗೆ ಹಳಿಯಿಂದಲೇ ಕರೆಂಟ್ ಬೇಕು, ನಿಜವಾದ ಕಂಟ್ರೋಲರ್ ತಿರುಗಿಸಿ ಓಡಿಸಬೇಕು.

ಫೆಬ್ರುವರಿ, ಮೂರನೇ ವಾರ

ತಿರುವಿನ ಲೆಕ್ಕ. ಎಲ್‌ಜಿಬಿ ಕಂಪನಿಯ ಅತಿ ಚಿಕ್ಕ ತಿರುವು ಆರ್ 1. ಅದರ ತ್ರಿಜ್ಯ 600 ಮಿಲಿಮೀಟರ್, 12 ತುಂಡಿಗೆ ಒಂದು ವೃತ್ತ. ಹೊಸಬರು ಕೊಳ್ಳುವ ಸ್ಟಾರ್ಟರ್ ಸೆಟ್‌ನಲ್ಲಿ ಸಾಮಾನ್ಯವಾಗಿ ಬರುವುದು ಅದೇ. ಉದ್ದದ ಬೋಗಿ ಅದರ ಮೇಲೆ ತಿರುಗುವಾಗ ಮೈ ಅರ್ಧ ಹೊರಗೆ ಚಾಚುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ನನ್ನದು ಆರ್ 3. ತ್ರಿಜ್ಯ 1195, ವೃತ್ತಕ್ಕೆ 16 ತುಂಡು. ನಡುವೆ ಎರಡೂ ಕಡೆ ನಾಲ್ಕು ನಾಲ್ಕು ನೇರ ತುಂಡು ಸೇರಿಸಿದರೆ ಒಟ್ಟು 9.9 ಮೀಟರ್ ಲೈನ್. ಹಿತ್ತಲಿನ ಅಗಲದಲ್ಲಿ ಎರಡೂ ಕಡೆ ಗೇಣಷ್ಟೇ ಮಿಗುತ್ತದೆ.

ಆದರೆ ಬಾಗಿದ ತುಂಡು ಎರಡು ಕಡಿಮೆ. ಆನ್‌ಲೈನಲ್ಲಿ ಒಬ್ಬರ ಹತ್ತಿರ ಎರಡು ಸಿಕ್ಕವು. ದುಡ್ಡು ಹಾಕಿ ತರಿಸಿದೆ. ಬಿಚ್ಚಿ ನೋಡಿದರೆ ಆರ್ 1! ತುಂಬಾ ಬೇಜಾರಾಯಿತು, ವಾಪಸ್ ತೆಗೆದುಕೊಳ್ಳಲೂ ಅವರು ಒಪ್ಪಲಿಲ್ಲ. ಹಳೇ ಹಳಿ ಕೊಳ್ಳುವವರು ದಯವಿಟ್ಟು ಒಂದು ಕೆಲಸ ಮಾಡಿ. ಫೋಟೋ ಕೇಳಬೇಡಿ, ಟೇಪ್ ಹಿಡಿದ ಫೋಟೋ ಕೇಳಿ. ಆರ್ 1 ತುಂಡು ಸುಮಾರು 31 ಸೆಂಟಿಮೀಟರ್ ಉದ್ದ, ಆರ್ 3 ಸುಮಾರು 47. ಟೇಪ್ ಇಲ್ಲದ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮಾರ್ಚ್, ಎರಡನೇ ವಾರ

ಬಿಡಿ ಹಳಿ ಇತ್ತಲ್ಲ, ಅದನ್ನೇ ಬಾಗಿಸಿದೆ. ಈ ಕೆಲಸ ಕೊಟ್ಟ ಖುಷಿ ಇಷ್ಟು ದಿನ ಬೇರೆ ಯಾವುದೂ ಕೊಟ್ಟಿರಲಿಲ್ಲ. ಲೇತ್ ಅಂಗಡಿಯವರು ಕಬ್ಬಿಣದ ಪ್ಲೇಟಿಗೆ ಮೂರು ಹಳೇ ಬೇರಿಂಗ್ ಕೂರಿಸಿಕೊಟ್ಟರು. ನಡುವಿನದನ್ನು ಬೋಲ್ಟ್‌ನಿಂದ ಮುಂದಕ್ಕೆ ತಳ್ಳಬಹುದು. ಪ್ಲೈವುಡ್ ಮೇಲೆ ಆಣಿ, ದಾರ, ಪೆನ್ಸಿಲ್‌ನಿಂದ ತಿರುವಿನ ಗೆರೆ ಎಳೆದುಕೊಂಡೆ. ಹಳಿಯನ್ನು ಬೇರಿಂಗ್ ನಡುವೆ ಎಳೆಯುವುದು, ಗೆರೆಯ ಮೇಲಿಟ್ಟು ನೋಡುವುದು, ಬೋಲ್ಟ್ ಕಾಲು ಸುತ್ತು ಬಿಗಿಯುವುದು, ಮತ್ತೆ ಎಳೆಯುವುದು. ಅವಸರ ಮಾಡಿದರೆ ಹಳಿ ಒಂದೇ ಕಡೆ ಮುರಿದಂತೆ ಬಾಗುತ್ತದೆ, ಆಮೇಲೆ ಅದನ್ನು ಸರಿ ಮಾಡುವುದು ಕಷ್ಟ.

ಎರಡು ತುಂಡಿನ ಬದಲು ಒಂದೇ ಉದ್ದ ತುಂಡು ಮಾಡಿದೆ. ಒಳಗಿನ ಹಳಿ 92.1 ಸೆಂಟಿಮೀಟರ್, ಹೊರಗಿನದು 95.6. ಎರಡನ್ನೂ ಸಮ ಕತ್ತರಿಸಿದ್ದರೆ ಮೂರೂವರೆ ಸೆಂಟಿಮೀಟರ್ ತಪ್ಪುತ್ತಿತ್ತು. ನೆಗ್ಗಿದ ತುಂಡುಗಳಿಂದ ಸ್ಲೀಪರ್ ಪಟ್ಟಿ ಬಿಡಿಸಿ, ಒಳಬದಿಯ ಪ್ಲಾಸ್ಟಿಕ್ ಜೋಡಣೆಯನ್ನು ಬ್ಲೇಡಿನಿಂದ ಕತ್ತರಿಸಿದರೆ ಅದು ಬಳ್ಳಿಯ ಹಾಗೆ ಬಾಗುತ್ತದೆ. ಹಳಿಗೆ ಮೆಲ್ಲಗೆ ಪೋಣಿಸಿದೆ.

ಹಳಿ ಕಪ್ಪಾಗಿದ್ದನ್ನು ನೋಡಿ ಅಮ್ಮ, "ಹಳೇ ಚೊಂಬು ಇದ್ದಂಗೆ ಐತಲ್ಲೋ, ಹುಣಸೆಹಣ್ಣು ಹಚ್ಚಿ ತಿಕ್ಕು" ಅಂದರು. ತಿಕ್ಕಿದರೆ ನಿಜಕ್ಕೂ ಚಿನ್ನದ ಹಾಗೆ ಹೊಳೆಯಿತು. ಹುಳಿ ಜಾಯಿನರ್ (ಎರಡು ಹಳಿಯ ತುದಿ ಕೂಡಿಸುವ ಲೋಹದ ತುಂಡು) ಸಂದಿಯಲ್ಲಿ ಉಳಿದರೆ ಮತ್ತೆ ಹಸಿರು ಕಟ್ಟುತ್ತದೆ, ಅದಕ್ಕೆ ಜಾಯಿನರ್ ಬಿಚ್ಚಿಟ್ಟು ತೊಳೆದು, ಬಿಸಿಲಲ್ಲಿ ಒಣಗಿಸಿದೆ. ಇನ್ನು ಮುಂದೆ ಹಳಿಯ ತಲೆಯನ್ನು ಮಾತ್ರ ಸ್ಕ್ರಬ್ಬರ್‌ನಿಂದ ಒರೆಸಿದರೆ ಸಾಕು, ಚಕ್ರ ಮುಟ್ಟುವುದು ಅಲ್ಲೇ. ಬದಿ ಕಪ್ಪಾಗಿದ್ದರೇ ನಿಜವಾದ ಹಳಿಯಂತೆ ಚೆಂದ.

ಮಾರ್ಚ್, ಕೊನೆಯ ಭಾನುವಾರ

ನಮ್ಮ ಹಿತ್ತಲಿನದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ತೆಳ್ಳಗೆ ಕಾಂಕ್ರೀಟ್ ಹಾಕಿದರೆ ಒಡೆಯುವುದು ಖಚಿತ. ಅದಕ್ಕೆ ಒಂದು ಗೇಣು ಆಳ ಮಣ್ಣು ತೆಗೆದು, ಕೆಳಗೆ ಮುಕ್ಕಾಲಿಂಚಿನ ಜಲ್ಲಿ, ಮೇಲೆ ಬೇಬಿ ಜಲ್ಲಿಗೆ ಕ್ರಷರ್ ಪುಡಿ ಬೆರೆಸಿ ಗಟ್ಟಿ ಮಾಡಿದೆ. ಹಳಿಗೆ ಎಲ್ಲೂ ಮೊಳೆ ಹೊಡೆದಿಲ್ಲ. ದೊಡ್ಡ ರೈಲಿನ ಹಳಿಯ ಹಾಗೆ ಜಲ್ಲಿಯಲ್ಲೇ ಕೂತಿದೆ.

ಜೋಡಿಸಿದ್ದು ಮಟಮಟ ಮಧ್ಯಾಹ್ನ. ಸೆಕೆ ತಡೆಯಲಾಗಲಿಲ್ಲ, ಆದರೂ ಬೇಕೆಂದೇ ಆ ಹೊತ್ತು ಆರಿಸಿದೆ. 9.9 ಮೀಟರ್ ಹಿತ್ತಾಳೆ 25 ಡಿಗ್ರಿ ಬಿಸಿಯಾದರೆ ಸುಮಾರು ಐದು ಮಿಲಿಮೀಟರ್ ಬೆಳೆಯುತ್ತದೆ. ಚಳಿಗಾಲದ ಬೆಳಿಗ್ಗೆ ಬಿಗಿಯಾಗಿ ಕೂಡಿಸಿದ್ದರೆ ಏಪ್ರಿಲ್ ಬಿಸಿಲಿಗೆ ಲೈನ್ ಸೊಟ್ಟಗಾಗುತ್ತಿತ್ತು. ಈಗ ಬೆಳಿಗ್ಗೆ ಸಂದಿಗಳು ಕೂದಲೆಳೆಯಷ್ಟು ತೆರೆಯುತ್ತವೆ, ಮಧ್ಯಾಹ್ನ ಮುಚ್ಚುತ್ತವೆ. ಜಾಯಿನರ್ ಬಿಡುವುದಿಲ್ಲ.

ಕರೆಂಟ್ ದಾಟುತ್ತದೆಯೇ ಅಂತ ಮಲ್ಟಿಮೀಟರ್ ಹಿಡಿದು 23 ಜಾಯಿಂಟನ್ನೂ ಪರೀಕ್ಷಿಸಿದೆ. ಎರಡು ಕಡೆ ಬೀಪ್ ಬರಲಿಲ್ಲ, ಜಾಯಿನರ್ ಬಿಚ್ಚಿ ಉಜ್ಜಿ ಹಾಕಿದ ಮೇಲೆ ಬಂತು. ಸಂಜೆ ಮಗಳು ಗೂಡ್ಸ್ ವ್ಯಾಗನ್ ಇಟ್ಟು ಬೆರಳಿನಿಂದ ತಳ್ಳಿದಳು. ನಾನು ಬಾಗಿಸಿದ ತುಂಡು ಕರಿಬೇವಿನ ಗಿಡದ ಹತ್ತಿರ ಇದೆ. ಅಲ್ಲಿ ಚಕ್ರ ಎದ್ದೇಳುತ್ತದೇನೋ ಅಂತ ಮಂಡಿಯೂರಿ, ಕಣ್ಣು ಹಳಿಯ ಮಟ್ಟಕ್ಕೆ ಇಟ್ಟು ನೋಡುತ್ತಿದ್ದೆ. ವ್ಯಾಗನ್ ಟಕ್ ಅಂತ ಜಾಯಿಂಟ್ ದಾಟಿ, ಅಲುಗದೆ ತಿರುಗಿ ಹೋಯಿತು.