ರೋಬೋ ಕೈಕೊಟ್ಟಾಗ ಮೊದಲು ಕೋಡ್ ತೆರೆಯಬೇಡಿ

ಎಂಜಿನಿಯರಿಂಗ್ ಹುಡುಗರಿಗೆ ಎಂಬೆಡೆಡ್ ಸಿಸ್ಟಮ್ಸ್ (ಯಂತ್ರದೊಳಗೆ ಕೂತು ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್‌ಗಳ ಪಾಠ) ಕಲಿಸುವುದು ನನ್ನ ಕೆಲಸ. ಟೈಮರ್, ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಚಿಪ್ಪನ್ನು ತುರ್ತು ಕೆಲಸಕ್ಕೆ ಕರೆಯುವ ಸೂಚನೆ) ಎಂದು ಬೋರ್ಡ್ ಮೇಲೆ ಬರೆದರೆ ನೀಟಾಗಿ ನೋಟ್ಸ್ ಮಾಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಕೈಗೊಂದು ಪುಟ್ಟ ರೋಬೋ ಕೊಟ್ಟರೆ ಕಥೆಯೇ ಬೇರೆ.

ಪ್ರತಿ ಬ್ಯಾಚಿನಲ್ಲೂ ಒಂದು ದೂರು ಗ್ಯಾರಂಟಿ. “ಸರ್, ಕೈಯಲ್ಲಿ ಎತ್ತಿ ಹಿಡಿದ್ರೆ ಚಕ್ರ ಚೆನ್ನಾಗಿ ತಿರುಗುತ್ತೆ, ನೆಲಕ್ಕಿಟ್ರೆ ಬರೀ ಒದ್ದಾಡುತ್ತೆ.” ಹೇಳುತ್ತಲೇ ಲ್ಯಾಪ್‌ಟಾಪ್ ತೆಗೆದು ಕೋಡ್ ತಿದ್ದಲು ಕೂರುತ್ತಾರೆ. ತಪ್ಪು ಬಹುಪಾಲು ಆ ಚೌಕದ 9 ವೋಲ್ಟ್ ಬ್ಯಾಟರಿಯದು. ನಿಂತ ಮೋಟಾರ್ ಹೊರಡುವಾಗ, ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ; ನೆಲದ ಮೇಲೆ ರೋಬೋದ ಭಾರ ಹೊತ್ತು ಹೊರಡುವಾಗ ಆ ಎಳೆತ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಅಷ್ಟು ಕೊಡಲು ಆ ಬ್ಯಾಟರಿಗೆ ತಾಕತ್ತಿಲ್ಲ. ವೋಲ್ಟೇಜ್ ಕುಸಿಯುತ್ತದೆ, ರೋಬೋ ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೋ ರೀಸೆಟ್ ಆಗುತ್ತದೆ, ಪ್ರೋಗ್ರಾಂ ಮೊದಲಿನಿಂದ ಶುರುವಾಗಿ ಮತ್ತೆ ಮೋಟಾರ್ ಆನ್ ಮಾಡುತ್ತದೆ. ಮತ್ತೆ ಅದೇ ಗೋಳು.

ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಕುಸಿತ ಕ್ಷಣಮಾತ್ರದ್ದು, ಮೀಟರ್ ನಿಧಾನ. ಅದಕ್ಕೇ ಒಂದು ಉಪಾಯ ಹೇಳುತ್ತೇನೆ: ಪ್ರೋಗ್ರಾಂ ಶುರುವಾದಾಗ ಒಂದೇ ಸಲ ಓಡುವ ಸೆಟಪ್ ಭಾಗದಲ್ಲಿ ಎಲ್‌ಇಡಿ ಮೂರು ಸಲ ಬೇಗ ಬೇಗ ಮಿನುಗುವಂತೆ ಬರೆಯಿರಿ, ಆಮೇಲೆ ನೆಲಕ್ಕಿಡಿ. ಮೂರು ಸಲ ಮಿನುಗಿ ಸುಮ್ಮನಾಗಬೇಕಾದ ಎಲ್‌ಇಡಿ ಮತ್ತೆ ಮತ್ತೆ ಮಿನುಗುತ್ತದೆ. ಅದನ್ನು ನೋಡಿದ ಮೇಲೆ ರೀಸೆಟ್ ಅಂದರೇನು ಅಂತ ವಿವರಿಸಬೇಕಾದ್ದೇ ಇಲ್ಲ. ಮೋಟಾರಿಗೆ ಬೇರೆ ಬ್ಯಾಟರಿ ಪ್ಯಾಕ್ ಕೊಟ್ಟು, ಎರಡರ ಗ್ರೌಂಡ್ (ಮೈನಸ್ ತಂತಿ) ಸೇರಿಸಿದರೆ ಆಯಿತು. ಗ್ರೌಂಡ್ ಸೇರಿಸಲು ಮರೆಯುವ ತಂಡವೂ ಇದ್ದೇ ಇರುತ್ತದೆ, ಬಿಡಿ. (ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಿಟ್ ಜೊತೆ ಸಿಗುವ 9 ವೋಲ್ಟ್ ಬ್ಯಾಟರಿ ಕ್ಲಿಪ್ಪೇ ಈ ಗೋಳಿಗೆಲ್ಲ ಮೂಲ ಅಂತ ನನಗೊಂದು ಅನುಮಾನ.)

ಆಮೇಲೆ ಬರುವುದು ಗೋಡೆಗೆ ಗುದ್ದುವ ಹಂತ. “ಸೆನ್ಸರ್ ಸರಿ ಇಲ್ಲ ಸರ್.” ಕೋಡ್ ನೋಡಿದರೆ ಮತ್ತೆ ಮತ್ತೆ ಓಡುವ ಲೂಪಿನೊಳಗೆ ಡಿಲೇ 500 (500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್, ಸುಮ್ಮನೆ ಕಾಯಿ ಅನ್ನುವ ಆಜ್ಞೆ) ಕೂತಿರುತ್ತದೆ. ಆಗ ಸ್ಕೇಲ್ ಕೊಟ್ಟು ಲೆಕ್ಕ ಹಾಕಿಸುತ್ತೇನೆ. ಸೆಕೆಂಡಿಗೆ 40 ಸೆಂಟಿಮೀಟರ್ ಓಡುವ ರೋಬೋ, ಆ ಅರ್ಧ ಸೆಕೆಂಡಿನಲ್ಲಿ 20 ಸೆಂಟಿಮೀಟರ್ ಕಣ್ಣುಮುಚ್ಚಿಕೊಂಡು ಓಡಿರುತ್ತದೆ. ಗೋಡೆ 15 ಸೆಂಟಿಮೀಟರಿನಲ್ಲಿದ್ದರೆ ಗುದ್ದಲೇಬೇಕಲ್ವಾ? ಡಿಲೇ ತೆಗೆದು, ಕಾಯದೆಯೇ ಸಮಯ ನೋಡಿಕೊಳ್ಳುವ ಮಿಲ್ಲಿಸ್ ಬಳಸುವುದನ್ನು ಅವತ್ತು ಅವರೇ ಕೇಳಿ ಕಲಿಯುತ್ತಾರೆ. ಇಂಟರಪ್ಟ್ ಪಾಠವನ್ನು ನಾನು ತೆಗೆಯುವುದೂ ಅವತ್ತೇ.

ವೈವಾದಲ್ಲಿ ಈಗ ಓಡುವ ರೋಬೋ ತೋರಿಸಿದರೆ ಸಾಲದು. ಅವರನ್ನು ಹೊರಗೆ ನಿಲ್ಲಿಸಿ, ಒಂದು ವೈರ್ ಸಡಿಲ ಮಾಡಿ, ಮಲ್ಟಿಮೀಟರ್ ಕೈಗಿಟ್ಟು ಒಳಗೆ ಕರೆಯುತ್ತೇನೆ. ಮಾರ್ಕ್ಸ್ ಜಾಸ್ತಿ ಇರುವುದು ಅದಕ್ಕೇ.