ಎರಡಿದೆಯಲ್ಲ ಮಾಮ

"ಮಾಮ, ಎರಡು ಡಿಸ್ಕ್ ಇದೆಯಲ್ಲ, ಒಂದು ಹೋದ್ರೂ ಇನ್ನೊಂದರಲ್ಲಿ ಇರುತ್ತಲ್ವಾ?"

ಮಂಗಳವಾರ ರಾತ್ರಿ ಅಕ್ಕನ ಮಗ ಫೋನಿನಲ್ಲಿ ಕೇಳಿದ ಮಾತಿದು. ಇವತ್ತು ಶನಿವಾರ. ಲ್ಯಾಪ್‌ಟಾಪ್ ಸರಿಹೋಗಿದೆ, ಅವನ ಕೆಲಸವೂ ಕೈಗೆ ಸಿಕ್ಕಿದೆ. ಆದರೂ ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಅವನು ಗಾಬರಿಯಲ್ಲಿ ಕೇಳಲಿಲ್ಲ. ಉತ್ತರ ಗೊತ್ತಿದ್ದವನ ಹಾಗೆ, ಸಮಾಧಾನದಲ್ಲೇ ಕೇಳಿದ. "ಹೌದು ಕಣೋ" ಅಂದುಬಿಟ್ಟಿದ್ದರೆ ಹೋಗಿ ಮಲಗುತ್ತಿದ್ದ. ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಆ ಗೇಮಿಂಗ್ ಲ್ಯಾಪ್‌ಟಾಪ್ ಮೊದಲು ನನ್ನದು. 512 ಜಿಬಿಯ ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ, ಎರಡೂ ಸೇರಿ ಒಂದೇ ಡಿಸ್ಕಿನ ಹಾಗೆ ಕೆಲಸ ಮಾಡುವಂತೆ ರೇಡ್ 0 ಎನ್ನುವ ಬಗೆಯಲ್ಲಿ ಜೋಡಿಸಿದವನು ನಾನೇ. ಹೋದ ವರ್ಷ ಅವನಿಗೆ ಕೊಡುವಾಗ "ಇದರಲ್ಲಿ ಎರಡು ಡಿಸ್ಕ್ ಇದೆ, ರೇಡ್ ಮಾಡಿದ್ದೀನಿ" ಎಂದು ಹೆಮ್ಮೆಯಿಂದ ಹೇಳಿದ್ದೆ. ಪಕ್ಕದ ಸೊನ್ನೆಯ ಸುದ್ದಿ ಎತ್ತಿರಲಿಲ್ಲ. ರೇಡ್ ಅಂದರೆ ಡೇಟಾ ಉಳಿಸುವ ಏರ್ಪಾಡು ಅಂತ ಅವನು ಎಲ್ಲೋ ಓದಿದ್ದ. ಓದಿದ್ದರಲ್ಲಿ ತಪ್ಪೇನೂ ಇಲ್ಲ. ಆ ಧೈರ್ಯದಲ್ಲೇ ಕೊನೆಯ ವರ್ಷದ ಪ್ರಾಜೆಕ್ಟು, ಬ್ಲೆಂಡರ್‌ನಲ್ಲಿ ಐದು ತಿಂಗಳು ಕೂತು ಮಾಡಿದ ನಾಲ್ಕು ನಿಮಿಷದ ಅನಿಮೇಷನ್, ಎಲ್ಲವನ್ನೂ ಅದೊಂದರಲ್ಲೇ ಇಟ್ಟುಕೊಂಡಿದ್ದ.

ಆವತ್ತು ಸಂಜೆ ಆಟದ ನಡುವೆ ಪರದೆ ನಿಂತುಹೋಗಿದೆ. ಆಫ್ ಮಾಡಿ ಆನ್ ಮಾಡಿದರೆ ಬೂಟ್ ಆಗುವ ಡಿಸ್ಕೇ ಇಲ್ಲ ಎನ್ನುವ ಸಂದೇಶ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದಾನೆ. ಅಲ್ಲಿದ್ದವರು ಹೇಳಿದ್ದು, "ಬಯಾಸ್‌ಗೆ ಹೋಗಿ ಡೀಫಾಲ್ಟ್ ಲೋಡ್ ಮಾಡಿ." ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಸಜ್ಜು ಮಾಡುವ ಬಯಾಸ್‌ನ ಸೆಟ್ಟಿಂಗುಗಳನ್ನೆಲ್ಲ ಮೂಲ ಸ್ಥಿತಿಗೆ ತರುವುದು ಅಂತ ಅದರ ಅರ್ಥ. ಇವನು ಮಾಡಿದ್ದಾನೆ. "ಆಗಲೂ ಬರದಿದ್ದರೆ ವಿಂಡೋಸ್ ಮತ್ತೆ ಹಾಕಿಕೊಳ್ಳಿ" ಅಂದು ಇಟ್ಟುಬಿಟ್ಟಿದ್ದಾರೆ.

ಅವರ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ದಿನಕ್ಕೆ ಎಷ್ಟು ಜನರಿಗೆ ಉತ್ತರ ಕೊಡಬೇಕೋ, ಮುಂದಿರುವ ಕಾಗದದಲ್ಲಿ ಬರೆದದ್ದನ್ನೇ ಓದಬೇಕೋ ಏನೋ, ಅದು ಅರ್ಥವಾಗುತ್ತೆ. ಆದರೆ "ಒಳಗೆ ನಿಮ್ಮದು ಮುಖ್ಯವಾದದ್ದು ಏನಾದರೂ ಇದೆಯಾ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಡಿಸ್ಕನ್ನು ಅಳಿಸು ಎಂದು ಇನ್ನೊಬ್ಬರಿಗೆ ಹೇಳುವ ಮೊದಲು ಕೇಳಲೇಬೇಕಾದ ಮಾತು ಅದೊಂದೇ.

ಡೀಫಾಲ್ಟ್ ಲೋಡ್ ಮಾಡಿದ್ದರಿಂದ ಒಂದರ ಮೇಲೆ ಇನ್ನೊಂದು ಎಡವಟ್ಟು ಕೂತಿತ್ತು. ನಾನು ರೇಡ್‌ಗೆ ಇಟ್ಟಿದ್ದ ಸ್ಟೋರೇಜ್ ಮೋಡ್ ಮತ್ತೆ ಎಎಚ್‌ಸಿಐ ಎನ್ನುವ ಮಾಮೂಲಿ ಮೋಡಿಗೆ ಹೋಗಿಬಿಟ್ಟಿತ್ತು. ಆ ಮೋಡಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಯ ಸಂಬಂಧ ತಿಳಿಯುವುದಿಲ್ಲ, ಎರಡು ಬಿಡಿ ಡಿಸ್ಕುಗಳು ಮಾತ್ರ ಕಾಣುತ್ತವೆ. ಇವನಿಗೆ ಕಂಡದ್ದಂತೂ ಒಂದೇ. ವಿಂಡೋಸ್ ಹಾಕುವ ಪೆನ್‌ಡ್ರೈವ್ ಚುಚ್ಚಿದಾಗ ಪಟ್ಟಿಯಲ್ಲಿ ಒಂದೇ ಸಾಲು: 476.9 ಜಿಬಿ, ಅನ್‌ಅಲೊಕೇಟೆಡ್ ಸ್ಪೇಸ್. "ಖಾಲಿ ಅಂತ ತೋರಿಸ್ತಿದೆ ಮಾಮ. ನೆಕ್ಸ್ಟ್ ಒತ್ತಲಾ? ಎರಡಿದೆಯಲ್ಲ, ಒಂದು ಹೋದ್ರೂ..."

"ಒತ್ತಬೇಡ. ಪವರ್ ಬಟನ್ ಅದುಮಿ ಆಫ್ ಮಾಡು. ಬೆಳಿಗ್ಗೆ ಬರ್ತೀನಿ, ಅಲ್ಲೀವರೆಗೆ ಮುಟ್ಟಬೇಡ." ಅಷ್ಟೇ ಹೇಳಿದೆ. ಅವನ ಪ್ರಶ್ನೆಗೆ ಆ ರಾತ್ರಿ ಉತ್ತರ ಕೊಡಲಿಲ್ಲ. ಕೊಡಲು ಧೈರ್ಯ ಬರಲಿಲ್ಲ.

ಬೆಳಿಗ್ಗೆ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದರೆ ಒಂದು ಎಸ್‌ಎಸ್‌ಡಿಯ ತುದಿಯ ಪುಟ್ಟ ಸ್ಕ್ರೂ ಸಡಿಲವಾಗಿತ್ತು. ಎಂ.2 ಎನ್ನುವ ಈ ಕಡ್ಡಿಯಂಥ ಡಿಸ್ಕನ್ನು ಸ್ಲಾಟಿನಲ್ಲಿ ಅಲುಗದ ಹಾಗೆ ಹಿಡಿದಿಡುವುದು ಆ ಒಂದೇ ಸ್ಕ್ರೂ. ಅದು ಬಿಟ್ಟರೆ ಕಡ್ಡಿ ಮೇಲಕ್ಕೆ ವಾಲುತ್ತೆ, ಕಾಂಟ್ಯಾಕ್ಟ್ ತಪ್ಪುತ್ತೆ. ತೆಗೆದು, ಮತ್ತೆ ಕೂರಿಸಿ, ಬಿಗಿ ಮಾಡಿದೆ. ಬಯಾಸ್‌ನಲ್ಲಿ ಎರಡೂ ಹೆಸರು ಬಂದವು. ಪಕ್ಕದಲ್ಲಿ ನಿಂತಿದ್ದ ಹುಡುಗ ಜೋರಾಗಿ ಉಸಿರು ಬಿಟ್ಟ.

ಮೋಡನ್ನು ಅಲ್ಲೇ ರೇಡ್‌ಗೆ ತಿರುಗಿಸುವ ಆಸೆ ನನಗೂ ಆಯಿತು, ಕೈ ತಡೆದುಕೊಂಡೆ. ಮೊದಲು ಪ್ರತಿ ತೆಗೆಯಬೇಕು, ರಿಪೇರಿ ಆಮೇಲೆ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರೇಡ್ ಜೋಡಿಗಳನ್ನು ಗುರುತಿಸುವ ಎಂಡಿಎಡಿಎಂ ಎನ್ನುವ ತಂತ್ರಾಂಶದಿಂದ ಎರಡೂ ಡಿಸ್ಕುಗಳನ್ನು ಓದಿಸಿದೆ. ಇಂಟೆಲ್‌ನ ರೇಡ್ ವ್ಯವಸ್ಥೆ, ಈ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅದೇ, ಜೋಡಿಯ ವಿವರವನ್ನು ಪ್ರತಿ ಡಿಸ್ಕಿನ ಕೊನೆಯ ಭಾಗದಲ್ಲಿ ಬರೆದಿಡುತ್ತದೆ. ಬಯಾಸ್‌ನ ಸೆಟ್ಟಿಂಗ್ ಬದಲಾದರೆ ಅದು ಅಳಿಸಿಹೋಗುವುದಿಲ್ಲ. ಎರಡರಲ್ಲೂ ವಿವರ ಹಾಗೇ ಇತ್ತು. ರೇಡ್ 0, ಎರಡು ಸದಸ್ಯರು, 128 ಕೆಬಿಯ ತುಂಡುಗಳು. ಅವನಿಗೆ ಕಂಡ ಆ 'ಖಾಲಿ'ಯ ಗುಟ್ಟೂ ಆಗಲೇ ಬಿಚ್ಚಿಕೊಂಡಿತು. ಪಾರ್ಟಿಶನ್ ಪಟ್ಟಿ ಇರುವುದು ಜೋಡಿಯ ಆರಂಭದಲ್ಲಿ, ಅಂದರೆ ಮೊದಲನೇ ಡಿಸ್ಕಿನಲ್ಲಿ. ಸಡಿಲವಾಗಿದ್ದದ್ದು ಅದೇ. ಎರಡನೆಯದರಲ್ಲಿ ಅವನ ಅರ್ಧ ಬದುಕು ತುಂಬಿತ್ತು, ಇಂಥದ್ದು ಇಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ ಇರಲಿಲ್ಲ. ತಲೆಬರಹ ಕಾಣದ್ದಕ್ಕೆ ವಿಂಡೋಸ್ ಅದನ್ನು ಖಾಲಿ ಅಂದಿತು. ನೆಕ್ಸ್ಟ್ ಒತ್ತಿದ್ದರೆ ಅದರ ಮೇಲೆಯೇ ಹೊಸದಾಗಿ ಬರೆದುಬಿಡುತ್ತಿತ್ತು.

ಡಿಡಿರೆಸ್ಕ್ಯೂ ಎನ್ನುವ ಪ್ರತಿ ತೆಗೆಯುವ ತಂತ್ರಾಂಶ ಹಾಕಿ ಎರಡೂ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ, ಇದ್ದದ್ದು ಇದ್ದ ಹಾಗೆ, ನನ್ನ 2 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಲು ಬಿಟ್ಟೆ. ಎರಡೂವರೆ ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅವನ ಪ್ರಶ್ನೆ ಮತ್ತೆ ಬಂತು. ಈ ಸಲ ಸ್ವರ ಸಣ್ಣದಾಗಿತ್ತು. "ಎರಡಿದೆಯಲ್ಲ ಮಾಮ, ಒಂದರಲ್ಲಿ ಇರಬೇಕಿತ್ತಲ್ವಾ?"

ಆಗ ಹೇಳಿದೆ. ಒಂದು ಪುಸ್ತಕದ ಹಾಳೆ ಕಿತ್ತು, ಒಂದನೆಯದು ಈ ಕಪಾಟಿಗೆ, ಎರಡನೆಯದು ಆ ಕಪಾಟಿಗೆ, ಮೂರನೆಯದು ಮತ್ತೆ ಈ ಕಪಾಟಿಗೆ ಇಟ್ಟುಕೊಂಡು ಹೋದ ಹಾಗೆ. ಇಬ್ಬರು ಒಟ್ಟಿಗೆ ಎತ್ತಿಕೊಟ್ಟರೆ ಬೇಗ ಓದಬಹುದು. ಒಂದು ಕಪಾಟು ಸುಟ್ಟರೆ ಉಳಿದ ಹಾಳೆಗಳಲ್ಲಿ ಕತೆ ಸಿಗುವುದಿಲ್ಲ. 4 ಎಂಬಿಯ ಒಂದು ಚಿತ್ರ ಅಂದರೆ 128 ಕೆಬಿಯ 32 ತುಂಡು. ಹದಿನಾರು ಅಲ್ಲಿ, ಹದಿನಾರು ಇಲ್ಲಿ. ಒಂದೊಂದು ಡಿಸ್ಕೂ ಕೆಡುವ ಸಂಭವ ನೂರಕ್ಕೆ 2 ಅಂತ ಇಟ್ಟುಕೊಂಡರೆ, ಈ ಜೋಡಣೆಯಲ್ಲಿ ಎಲ್ಲವೂ ಹೋಗುವ ಸಂಭವ ನೂರಕ್ಕೆ ಹತ್ತಿರ ಹತ್ತಿರ 4. ಎರಡಿದೆ ಎನ್ನುವುದೇ ಇಲ್ಲಿ ಅಪಾಯ. ನೀನು ಅಂದುಕೊಂಡದ್ದು ರೇಡ್ 1. ಅದರಲ್ಲಿ ಒಂದರ ಪ್ರತಿ ಇನ್ನೊಂದರಲ್ಲಿ ಇರುತ್ತೆ.

ಅಕ್ಕ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕಂಪ್ಯೂಟರಿನ ಸಹವಾಸ ಅವಳಿಗೆ ಕಡಿಮೆ, ಆದರೆ ಪ್ರಶ್ನೆ ನೇರ. "ಹಾಗಿದ್ರೆ ಎರಡು ಯಾಕೋ ಸೇರಿಸಿದ್ದು?"

"ವೇಗಕ್ಕೆ."

"ಬಂತಾ ವೇಗ?"

ಈ ಎರಡನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಬೇಕಾದರೆ ಲೆಕ್ಕ ತೆಗೆಯಬೇಕು. ಒಂದು ಡಿಸ್ಕು ಓದುವುದು ಸೆಕೆಂಡಿಗೆ ಸುಮಾರು 3,400 ಎಂಬಿ. ಎರಡು ಸೇರಿದರೆ 7,000 ಹತ್ತಿರ ಬರಬೇಕು ಅಂದುಕೊಂಡಿದ್ದೆ. ಬಂದದ್ದು 3,500. ಆ ಲ್ಯಾಪ್‌ಟಾಪಿನಲ್ಲಿ ಎರಡೂ ಸ್ಲಾಟುಗಳು ಚಿಪ್‌ಸೆಟ್ಟಿನ, ಅಂದರೆ ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವೆ ಕೂರುವ ಚಿಪ್ಪಿನ, ಹಿಂದೆ ಇವೆ. ಚಿಪ್‌ಸೆಟ್ಟಿನಿಂದ ಪ್ರೊಸೆಸರಿಗೆ ಹೋಗುವ ಡಿಎಂಐ 3.0 ದಾರಿಯ ಅಗಲ ಪಿಸಿಐಇ 3.0ರ ನಾಲ್ಕು ಲೇನಿನಷ್ಟೇ, ಸೆಕೆಂಡಿಗೆ 4 ಜಿಬಿಯ ಒಳಗೆ. ಎರಡು ಹೊಳೆ ಬಂದು ಸೇರಿದರೂ ತೂಬು ಒಂದೇ. ಬರೆಯುವ ವೇಗ ಏರಿದ್ದು ನಿಜ. ಆದರೆ ಆಟ ತೆರೆದುಕೊಳ್ಳುವಾಗ ಬಹುಪಾಲು ನಡೆಯುವುದು ಸಣ್ಣ ಸಣ್ಣ ಓದು ಮತ್ತು ಪ್ರೊಸೆಸರಿನ ಕೆಲಸ. ಅದರಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲೇ ಇಲ್ಲ. ಇದು ನನಗೆ ಜೋಡಿಸಿದ ವಾರದಲ್ಲೇ ಗೊತ್ತಾಗಿತ್ತು. ಬಿಚ್ಚಬಹುದಿತ್ತು, ಬಿಚ್ಚಲಿಲ್ಲ. ರೇಡ್ ಇದೆ ಎಂದು ಹೇಳಿಕೊಳ್ಳುವುದು ನನಗೆ ಇಷ್ಟವಾಗಿತ್ತು.

ಅಕ್ಕನಿಗೆ "ಇಲ್ಲ, ಹೆಚ್ಚೇನೂ ಬರಲಿಲ್ಲ" ಅಂದೆ. ಅವಳು ಏನೂ ಹೇಳದೆ ಒಳಗೆ ಹೋದಳು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಪ್ರತಿ ಮುಗಿದ ಮೇಲೆ ಮೋಡನ್ನು ರೇಡ್‌ಗೆ ತಿರುಗಿಸಿ, ಉಳಿಸಿ, ಕೈ ಕಟ್ಟಿ ಕೂತೆ. ಜೋಡಿ ಕಾಣಿಸಿತು. ಸ್ಥಿತಿ: ನಾರ್ಮಲ್. ವಿಂಡೋಸ್ ತೆರೆದುಕೊಂಡಿತು. ಹುಡುಗ ಮೊದಲು ಬಿಚ್ಚಿದ್ದು ಪ್ರಾಜೆಕ್ಟಿನ ಫೋಲ್ಡರ್, ಆಟದ್ದಲ್ಲ. ಮೂರನೇ ದೃಶ್ಯವನ್ನು ಓಡಿಸಿ, ನಿಲ್ಲಿಸಿ, ಮತ್ತೆ ಮೊದಲಿಂದ ಓಡಿಸಿದ. ನನ್ನ ಕಡೆ ತಿರುಗಲಿಲ್ಲ.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ರೇಡ್ ಎನ್ನುವ ಹೆಸರಿಟ್ಟು ಪ್ರಬಂಧ ಬರೆದಾಗ ಅದರಲ್ಲಿದ್ದದ್ದು 1ರಿಂದ 5ರವರೆಗಿನ ಹಂತಗಳು. ಸೊನ್ನೆ ಇರಲಿಲ್ಲ. ಆ ಹೆಸರಿನ ಮೊದಲ ಅಕ್ಷರ ನಿಂತಿರುವುದೇ ರಿಡಂಡೆನ್ಸಿಗೆ, ಒಂದು ಕೆಟ್ಟರೂ ನಡೆಯಲಿ ಎಂದು ಹೆಚ್ಚಿಗೆ ಇಟ್ಟುಕೊಳ್ಳುವುದಕ್ಕೆ. ಆ ರಿಡಂಡೆನ್ಸಿಯೇ ಸೊನ್ನೆ ಇರುವ ಏರ್ಪಾಡನ್ನೂ ಅದೇ ಹೆಸರಿನಿಂದ ಕರೆಯುವುದು ನನಗೆ ಈ ವಾರದಿಂದ ಸರಿ ಕಾಣುತ್ತಿಲ್ಲ. ಲ್ಯಾಪ್‌ಟಾಪ್ ಮಾರುವವರು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ರೇಡ್ ಅಂತ ಬರೆಯುತ್ತಾರೆ. ತಿಳಿದವರು ತಿಳಿಯದವರಿಗೆ ಕೈ ದಾಟಿಸುವಾಗ ಅದೇ ಮಾತು ಹೇಳುತ್ತೇವೆ. ಕೇಳಿಸಿಕೊಂಡವರು ಅದರಲ್ಲಿ ಕಾವಲನ್ನು ಕೇಳಿಸಿಕೊಳ್ಳುತ್ತಾರೆ. ಅವನಿಗೆ ಕೊಡುವ ದಿನ ನನಗೆ ಸಿಕ್ಕಿದ್ದು ಒಂದು ವಾಕ್ಯದ ಅವಕಾಶ: "ಇದರಲ್ಲಿ ಒಂದು ಹೋದರೆ ಎರಡೂ ಹೋದ ಹಾಗೆ, ಬೇರೆ ಕಡೆ ಒಂದು ಪ್ರತಿ ಇಟ್ಟುಕೋ." ಅವನು ಇಟ್ಟುಕೊಳ್ಳುತ್ತಿದ್ದ. ಹೇಳಿದ್ದನ್ನು ಮಾಡುವ ಹುಡುಗ ಅವನು. ಫೋನಿನಲ್ಲಿ ಮುಟ್ಟಬೇಡ ಅಂದದ್ದಕ್ಕೆ ರಾತ್ರಿಯಿಡೀ ಮುಚ್ಚಳ ಕೂಡ ತೆರೆದಿರಲಿಲ್ಲ.

ಶುಕ್ರವಾರ ಇಬ್ಬರೂ ಕೂತು ಜೋಡಿಯನ್ನು ಬಿಚ್ಚಿದೆವು. ಒಂದರಲ್ಲಿ ವಿಂಡೋಸ್ ಮತ್ತು ಆಟಗಳು, ಇನ್ನೊಂದರಲ್ಲಿ ಕೆಲಸ. ಕೆಲಸದ ಪ್ರತಿ ಅವನ ಹೊಸ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ. ರೇಡ್ 1 ಮಾಡೋಣವಾ ಅಂತ ಅವನೇ ಕೇಳಿದ. ಬೇಡ ಅಂದೆ. ಡಿಸ್ಕು ಕೆಟ್ಟರೆ ಅದು ಕಾಯುತ್ತೆ, ತಪ್ಪಿ ಅಳಿಸಿದರೆ ಎರಡರಲ್ಲೂ ಒಟ್ಟಿಗೆ ಅಳಿಸುತ್ತೆ. ಅವನು ತಲೆಯಾಡಿಸಿ, ಡಿಸ್ಕುಗಳಿಗೆ 'ಆಟ', 'ಕೆಲಸ' ಅಂತ ಹೆಸರು ಹಾಕಿದ.

ಡಿಸ್ಕುಗಳ ಪ್ರತಿಯಾದ ಆ ಎರಡು ಇಮೇಜ್ ಫೈಲುಗಳು ನನ್ನ ಹತ್ತಿರವೇ ಇವೆ, ಹೆಚ್ಚುಕಡಿಮೆ 1 ಟಿಬಿ ಜಾಗ ಹಿಡಿದು. ಮುಂದಿನ ತಿಂಗಳು ಅವನು ಪ್ರಾಜೆಕ್ಟ್ ಒಪ್ಪಿಸುವವರೆಗೂ ಅವು ಅಲ್ಲೇ ಇರಲಿ.